ಕಾರ್ಕಳದ ಹಿಟಾಚಿ, ಕ್ರಷರ್ ಜಾಂಬಿಯಾಕ್ಕೆ ಕಳಿಸಬೇಕು: ಮಂಗಳೂರಿನ ಪಣಂಬೂರು ಬಂದರಿನಿಂದ ಆಗ್ತದಾ?

ಜಲ್ಲಿಕಲ್ಲು_ಕಾರ್ಕಳ

ನಮಸ್ಕಾರ ಎಲ್ಲರಿಗೂ. ಕಾರ್ಕಳದ ಹತ್ತಿರ ನಮ್ಮದೊಂದು ಕಲ್ಲು ಕ್ವಾರಿ ಇತ್ತು. ಲೀಸ್ ಮುಗಿಯಿತು, ಮುಂದುವರಿಸಲಿಲ್ಲ. ಮಿಷನುಗಳು ಶೆಡ್ಡಿನಲ್ಲಿ ಸುಮ್ನೆ ನಿಂತು ಒಂದೂವರೆ ವರ್ಷ ಆಯಿತು. ಚಿಕ್ಕಪ್ಪನ ಮಗ ಜಾಂಬಿಯಾದ ಕಿಟ್ವೆಯಲ್ಲಿದ್ದಾನೆ. ತಾಮ್ರದ ಗಣಿಗಳ ಊರು ಅದು. ಅಲ್ಲಿ ಒಬ್ಬರ ಜೊತೆ ಸೇರಿ ಸಣ್ಣ ಗಣಿ ಕೆಲಸದ ಗುತ್ತಿಗೆ ಹಿಡಿದಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣ, ಅಲ್ಲಿ ತುಕ್ಕು ಹಿಡಿಸುವ ಬದಲು ಇಲ್ಲಿಗೆ ಕಳಿಸು, ರೇಟ್ ಮಾತಾಡುವ" ಎಂದ.

ಹೋಗಬೇಕಾದದ್ದು ಇಷ್ಟು: ಒಂದು 20 ಟನ್ ಹಿಟಾಚಿ, ಅದರ ರಾಕ್ ಬ್ರೇಕರ್, ಒಂದು 30×20 ಇಂಚು ಬಾಯಿಯ ಜಾ ಕ್ರಷರ್ (ಕಲ್ಲು ಜಗಿದು ಪುಡಿ ಮಾಡುವ ಮಿಷನ್), ಮತ್ತೆ ಮೋಟರ್, ಕನ್ವೇಯರ್ ರೋಲರ್, ಜಾ ಪ್ಲೇಟ್ ಅಂತ ಒಂದಿಷ್ಟು ಚಿಲ್ಲರೆ.

ಒಬ್ಬ ಫಾರ್ವರ್ಡರ್‌ಗೆ (ಸರಕು ಸಾಗಣೆಯ ಏಜೆಂಟ್) ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "40 ಅಡಿಯ 2 ಕಂಟೇನರ್ ಸಾಕು ಸರ್." ಒಂದು ರೇಟೂ ಕೊಟ್ಟರು. ಅಡ್ವಾನ್ಸ್ ಹಾಕುವ ಮೊದಲು ಇಲ್ಲಿ ಕೇಳುವ ಅಂತ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಪಣಂಬೂರು_ಗೇಟ್

ಅಡ್ವಾನ್ಸ್ ಹಾಕಬೇಡಿ. ಮೊದಲು ಅದು.

40 ಅಡಿ ಹೈಕ್ಯೂಬ್ (ಎತ್ತರ ಜಾಸ್ತಿಯ) ಕಂಟೇನರಿನ ಬಾಗಿಲಿನ ಅಗಲ 2.34 ಮೀಟರ್, ಎತ್ತರ 2.58 ಮೀಟರ್ ಹತ್ತಿರ. 20 ಟನ್ ಮಿಷನಿನ ಚೈನ್‌ನಿಂದ ಚೈನ್‌ಗೆ ಎಷ್ಟು ಅಗಲ ಉಂಟು ಅಂತ ಒಮ್ಮೆ ಅಳೆಯಿರಿ. ಬಾಗಿಲೊಳಗೆ ಅರ್ಧ ಮಿಷನೂ ಹೋಗುವುದಿಲ್ಲ. ಅಳತೆ ಕೇಳದೆ ರೇಟ್ ಕೊಟ್ಟವರು ಒಂದೋ ಮಿಷನ್ ನೋಡಿದವರಲ್ಲ, ಇಲ್ಲವೇ ಮುಂದೆ "ಎಕ್ಸ್‌ಟ್ರಾ" ಅಂತ ಒಂದೊಂದೇ ಬಿಲ್ ತೆಗೆಯುವವರು. ಈ ಲೈನಿನಲ್ಲಿ ನನಗೆ 18 ವರ್ಷ. ಎರಡೂ ತರದವರನ್ನು ನೋಡಿದ್ದೇನೆ.

ನನಗೆ ಬೇಕಾದದ್ದು: ಉದ್ದ, ಅಗಲ, ಎತ್ತರ, ತೂಕ. ಮತ್ತೆ, ಹಿಟಾಚಿ ಅಂದರೆ ನಿಜವಾಗಿ ಹಿಟಾಚಿಯೇ?

ಜಲ್ಲಿಕಲ್ಲು_ಕಾರ್ಕಳ

ಹ್ಹ ಹ್ಹ. ಕೊಮಾಟ್ಸು. ನಮ್ಮಲ್ಲಿ ಚೈನ್ ಇದ್ದದ್ದೆಲ್ಲ ಹಿಟಾಚಿ, ಟಯರ್ ಇದ್ದದ್ದೆಲ್ಲ ಜೆಸಿಬಿ ಅಲ್ವಾ.

ಕ್ಯಾಟಲಾಗ್ ನೋಡಿದೆ. ಬೂಮ್ (ಉದ್ದ ತೋಳು) ಮಡಚಿದರೆ ಉದ್ದ 9.43 ಮೀ., ಅಗಲ 2.80, ಎತ್ತರ 3.04. ತೂಕ 20 ಟನ್ ಹತ್ತಿರ.

ಪಣಂಬೂರು_ಗೇಟ್

ನಗುವ ವಿಷಯವೇ, ಆದರೆ ಇನ್‌ವಾಯ್ಸ್‌ನಲ್ಲಿ ನಗು ಬರುವುದಿಲ್ಲ. ಒಬ್ಬರು ಪ್ಯಾಕಿಂಗ್ ಲಿಸ್ಟ್‌ನಲ್ಲಿ ಬಾಯಿ ಅಭ್ಯಾಸಕ್ಕೆ "ಜೆಸಿಬಿ 1" ಅಂತ ಟೈಪ್ ಮಾಡಿಸಿದ್ದರು. ಮಿಷನಿನ ಪ್ಲೇಟಿನಲ್ಲಿ ಬೇರೆ ಕಂಪನಿ ಹೆಸರು. ಕಸ್ಟಮ್ಸ್‌ನವರು ನ್ಯಾಯವಾಗಿಯೇ ಕೇಳಿದರು, ಪೇಪರ್‌ನಲ್ಲಿ ಇರುವ ಮಿಷನ್ ಎಲ್ಲಿ ಅಂತ. ತಿದ್ದುಪಡಿ ಆಗುವಷ್ಟರಲ್ಲಿ ಹಡಗು ಹೋಗಿತ್ತು. "ಹೈಡ್ರಾಲಿಕ್ ಎಕ್ಸ್‌ಕವೇಟರ್", ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಎಂಜಿನ್ ನಂಬರ್, ತಯಾರಾದ ವರ್ಷ. ಇಷ್ಟನ್ನು ಪ್ಲೇಟ್ ನೋಡಿಯೇ ಬರೆಯಿರಿ. ಪ್ಲೇಟ್ ಮೇಲೆ ಪೇಂಟ್ ಹೊಡೆದಿದ್ದರೆ ಉಜ್ಜಿ ತೆಗೆಸಿ.

ನಿವೃತ್ತ_ಕೆಜಿಎಫ್

ನಾನು ದೊಡ್ಡ ಮಿಷನು ತಯಾರಿಸುವ ಬಿಇಎಂಎಲ್ ಕಂಪನಿಯ ಕೆಜಿಎಫ್ ಘಟಕದಲ್ಲಿ ಇದ್ದವ. ಈಗ ಉಡುಪಿಯಲ್ಲಿ ಮನೆ. 1964ರಲ್ಲಿ ಶುರುವಾದ ಕಂಪನಿ ಅದು. ಕೆಜಿಎಫ್‌ನಲ್ಲಿ ಡೋಜರ್, ಎಕ್ಸ್‌ಕವೇಟರ್. ಡಂಪರ್ ಎಲ್ಲ ಮೈಸೂರಿನಲ್ಲಿ. ಒಂದು ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಹೊಸಬರೆಲ್ಲ ತೂಕಕ್ಕೆ ಹೆದರುತ್ತಾರೆ. "ಅಯ್ಯೋ 20 ಟನ್!" ಅಂತ. ತೂಕ ದೊಡ್ಡ ವಿಷಯವೇ ಅಲ್ಲ. ಒಂದು ಮಾಮೂಲು ಕಂಟೇನರೇ ತುಂಬಿದಾಗ 30 ಟನ್ ತೂಗಬಹುದು. ಬಂದರಿನ ಕ್ರೇನಿಗೆ ಅದು ದಿನದ ಊಟ. ತೊಂದರೆ ಕೊಡುವುದು ಅಗಲ. ಲಾರಿಗೂ ಅಗಲ, ರಸ್ತೆಗೂ ಅಗಲ, ಹಡಗಿನಲ್ಲೂ ಅಗಲ.

ಒಂದು ಉದಾಹರಣೆ. ಗಣಿಯಲ್ಲಿ ಓಡುವ 100 ಟನ್ ಡಂಪರ್ ಗೊತ್ತಲ್ಲ? ಅದನ್ನು ಯಾರೂ ಇಡಿಯಾಗಿ ದೂರ ಕಳಿಸುವುದಿಲ್ಲ. ಚಾಸಿಸ್ ಬೇರೆ, ಕ್ಯಾಬ್ ಬೇರೆ, ಟಯರ್ ಬೇರೆ. ಹಿಂದಿನ ದೊಡ್ಡ ಬಾಡಿಯನ್ನು ತುಂಡು ತುಂಡಾಗಿ ಕಳಿಸಿ ಗಣಿಯಲ್ಲೇ ವೆಲ್ಡ್ ಮಾಡುತ್ತಾರೆ. ಅದಕ್ಕೆ ಹಾಕುವ 27.00-49 ಟಯರಿನ ವ್ಯಾಸವೇ 2.7 ಮೀಟರ್ ಹತ್ತಿರ. ನಿಲ್ಲಿಸಿದರೆ ಹೈಕ್ಯೂಬ್ ಬಾಗಿಲಿಗೆ ತಲೆ ತಾಗುತ್ತದೆ, ಮಲಗಿಸಿದರೆ ಅಗಲ ಸಾಲದು. ನೋಡಿ, ಬರೀ ರಬ್ಬರ್ ಚಕ್ರ, ಅದೂ ಕಂಟೇನರ್ ಒಳಗೆ ಹೋಗುವುದಿಲ್ಲ.

ಆದ್ದರಿಂದ ಕ್ಯಾಟಲಾಗ್ ಬದಿಗಿಡಿ. ಟೇಪ್ ಹಿಡಿದು ಶೆಡ್ಡಿಗೆ ಹೋಗಿ. ಕ್ಯಾಟಲಾಗ್ ಬರೆದವರು ನಿಮ್ಮ ಮಿಷನ್ ನೋಡಿಲ್ಲ.

ಜಲ್ಲಿಕಲ್ಲು_ಕಾರ್ಕಳ

ಸರ್, ನಿಮಗೊಂದು ನಮಸ್ಕಾರ. ಇವತ್ತು ಆಪರೇಟರನ್ನು ಕರೆಸಿ ಅಳೆದೆ. ಅಗಲ ಸರಿ ಬಂತು, 2.80. ಎತ್ತರ ಮಾತ್ರ 3.18!

ಎಲ್ಲಿಂದ ಬಂತು 14 ಸೆಂ.ಮೀ. ಅಂತ ಇಬ್ಬರೂ ತಲೆ ಕೆರೆದುಕೊಂಡೆವು. ಕೊನೆಗೆ ಅವನೇ ಹೇಳಿದ: "ಧಣಿ, ಕ್ಯಾಬಿನ ಮೇಲೆ ಜಾಲಿ ಕೂರಿಸಿದ್ದು ನಾವೇ ಅಲ್ವಾ?" ಕಲ್ಲು ಬೀಳ್ತದೆ ಅಂತ ಬೈಲೂರಿನ ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಹಾಕಿ ಗಾರ್ಡ್ ಮಾಡಿಸಿದ್ದೆವು. ಅದರ ಮೇಲೆ ಎರಡು ಲೈಟ್. ನಾನು ಮರೆತೇಬಿಟ್ಟಿದ್ದೆ.

ಪಣಂಬೂರು_ಗೇಟ್

ಇದಕ್ಕೇ ಹೇಳಿದ್ದು. ಗಾರ್ಡ್ ಬಿಚ್ಚಿಸಿ, ಬ್ರೇಕರ್ ಜೊತೆ ಕಟ್ಟಿ ಕಳಿಸಿ. ಅಲ್ಲೂ ಕಲ್ಲು ಬೀಳ್ತದೆ.

ಈಗ ದಾರಿಗಳು. ಫ್ಲಾಟ್‌ರ‍್ಯಾಕ್ ಅಂತ ಒಂದು ಉಂಟು. ಮೇಲಿನ ಛಾವಣಿ, ಬದಿ ಗೋಡೆ ಇಲ್ಲದ ಕಂಟೇನರ್. ನೆಲ ಮತ್ತು ಎರಡು ತುದಿಯ ಗೋಡೆ ಮಾತ್ರ. 40 ಅಡಿಯದ್ದರ ಅಗಲ 2.44 ಮೀ. ನಿಮ್ಮ ಮಿಷನ್ 2.80. ಅಂದರೆ ಎರಡೂ ಬದಿಗೆ 18 ಸೆಂ.ಮೀ. ಹೊರಗೆ. ಚೈನಿನ ಪಟ್ಟಿ (ಶೂ) 60 ಸೆಂ.ಮೀ. ಅಗಲ ಇದ್ದರೆ ಅದರಲ್ಲಿ 42 ಸೆಂ.ಮೀ. ಪ್ಲಾಟ್‌ಫಾರ್ಮಿನ ಮೇಲೇ ಕೂರ್ತದೆ, ಅದು ನಡೆಯುತ್ತದೆ. ಆದರೆ ಹಡಗಿನಲ್ಲಿ ಕಂಟೇನರುಗಳು ಒಂದಕ್ಕೊಂದು ತಾಗಿದ ಹಾಗೆ ಜೋಡಿಸಿರುತ್ತವೆ. ನಿಮ್ಮದು ಬದಿಗೆ ಚಾಚಿಕೊಂಡರೆ ಎಡಬಲದ ಜಾಗ ಖಾಲಿ ಬಿಡಬೇಕು. ಎತ್ತರ ಮೀರಿದರೆ ತಲೆಯ ಮೇಲಿನ ಜಾಗವೂ ಹೋಯಿತು. ಆ ಖಾಲಿ ಜಾಗದ ಬಾಡಿಗೆಯನ್ನು ಹಡಗಿನವರು ನಿಮ್ಮ ಹತ್ತಿರವೇ ತೆಗೆದುಕೊಳ್ಳುತ್ತಾರೆ. ಬಸ್ಸಿನಲ್ಲಿ ಕಾಲು ಅಗಲ ಮಾಡಿ ಕೂತವನಿಗೆ ಮೂರು ಟಿಕೆಟ್ ಹರಿದ ಹಾಗೆ.

ಎರಡನೆಯದು ರೋರೋ. ಕಾರು ಕಳಿಸುವ ಹಡಗು. ಮಿಷನ್ ತಾನೇ ನಡೆದು ಒಳಗೆ ಹೋಗುತ್ತದೆ, ಇಲ್ಲವೇ ತಗ್ಗಿನ ಟ್ರೈಲರ್ ಮೇಲೆ ಕೂರಿಸಿ ಎಳೆಯುತ್ತಾರೆ. ಮಿಷನಿಗೆ ಇದೇ ಮರ್ಯಾದೆಯ ಪ್ರಯಾಣ, ಎತ್ತಿ ಇಳಿಸುವ ರಗಳೆ ಇಲ್ಲ. ಆದರೆ ಅದಕ್ಕೆ ಮುಂಬೈಗೋ ಎಣ್ಣೂರಿಗೋ ಲೋಬೆಡ್ (ತಗ್ಗು ಹಲಗೆಯ ಲಾರಿ) ಓಡಿಸಬೇಕು. ಚಿಲ್ಲರೆ ಸಾಮಾನು ಜೊತೆಗೆ ಹೋಗುವುದಿಲ್ಲ, ಅದಕ್ಕೆ ಬೇರೆ ಕಂಟೇನರ್.

ಮೂರನೆಯದು ಬ್ರೇಕ್‌ಬಲ್ಕ್. ಹಡಗಿನ ಸ್ವಂತ ಕ್ರೇನಿನಲ್ಲಿ ಎತ್ತಿ ಹೊಟ್ಟೆಯಲ್ಲಿ ಇಳಿಸುವುದು. 10-15 ಮಿಷನ್ ಇದ್ದರೆ ಯೋಚಿಸಬಹುದು. ಒಂದಕ್ಕೆ ಬೇಡ.

ಸುಮ್ನೆ_ಕೇಳ್ತೇನೆ

ಪಣಂಬೂರಿನಿಂದ ನೇರ ಆಫ್ರಿಕಾಕ್ಕೆ ಹಡಗು ಇಲ್ವಾ? ಕುದುರೆಮುಖದ ಅದಿರು ಇಲ್ಲಿಂದಲೇ ಹೊರದೇಶಕ್ಕೆ ಹೋಗ್ತಿತ್ತಲ್ಲ?

ನಿವೃತ್ತ_ಕೆಜಿಎಫ್

ಅದು ಬೇರೆ ಲೆಕ್ಕ. ಕುದುರೆಮುಖದಿಂದ 67 ಕಿ.ಮೀ. ಪೈಪಿನಲ್ಲಿ ನೀರಿನ ಜೊತೆ ಅದಿರಿನ ಪುಡಿ ಹರಿದು ಪಣಂಬೂರಿಗೆ ಬರುತ್ತಿತ್ತು. ಹಡಗು ತುಂಬ ಒಂದೇ ಮಾಲು, ಒಬ್ಬನೇ ಗಿರಾಕಿ. ಅಂಥದ್ದಕ್ಕೆ ಹಡಗು ಎಲ್ಲಿಗೆ ಬೇಕಾದರೂ ನೇರ ಹೋಗುತ್ತದೆ. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು, ಸುಪ್ರೀಂ ಕೋರ್ಟ್ ಆದೇಶ. ಆಮೇಲೆ ಪೈಪಿನಲ್ಲಿ ಅದಿರು ಇಳಿಯಲಿಲ್ಲ. ಒಂದು ಮಿಷನಿಗೆ ಅಂತ ಯಾರು ಹಡಗು ತಿರುಗಿಸುತ್ತಾರೆ?

ಗೇರುಬೀಜ

ನಾವು ಆಫ್ರಿಕಾದಿಂದ ಹಸಿ ಗೇರುಬೀಜ ತರಿಸುವವರು. ತಾಂಜಾನಿಯಾದ್ದೂ ಬರ್ತದೆ, ಪಶ್ಚಿಮ ಆಫ್ರಿಕಾದ್ದೂ ಬರ್ತದೆ. ನಮ್ಮ ಅನುಭವ ಹೇಳುವುದಾದರೆ, ಇಲ್ಲಿಂದ ಸಣ್ಣ ಫೀಡರ್ ಹಡಗು ಕೊಲಂಬೋಗೆ ಹೋಗಿ, ಅಲ್ಲಿ ದೊಡ್ಡ ಹಡಗಿಗೆ ಬದಲಾಗುವುದು ಜಾಸ್ತಿ. ಗೇರುಬೀಜದ ಚೀಲಕ್ಕೆ ಎರಡು ಸಲ ಎತ್ತಿ ಇಳಿಸಿದರೆ ಏನೂ ಆಗುವುದಿಲ್ಲ. ಅಗಲ ಮೀರಿದ ಫ್ಲಾಟ್‌ರ‍್ಯಾಕ್‌ಗೆ ಹಾಗಲ್ಲ. ಕೊಲಂಬೋದಲ್ಲಿ ಮುಂದಿನ ಹಡಗಿನಲ್ಲಿ ಅದಕ್ಕೆ ಸರಿಯಾದ ಜಾಗ ಸಿಗುವವರೆಗೆ ಯಾರ್ಡಿನಲ್ಲಿ ಕೂರ್ತದೆ. ಬುಕಿಂಗ್ ಮಾಡುವಾಗಲೇ ಎರಡೂ ಹಡಗಿನವರ ಒಪ್ಪಿಗೆ ಬಂದಿದೆಯಾ ಅಂತ ಬರಹದಲ್ಲಿ ಕೇಳಿ. ಫೋನಿನಲ್ಲಿ "ಆಗ್ತದೆ ಆಗ್ತದೆ" ಅಂದದ್ದಕ್ಕೆ ಬೆಲೆ ಇಲ್ಲ.

ಜಲ್ಲಿಕಲ್ಲು_ಕಾರ್ಕಳ

ಕ್ರಷರ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಲೇಟಿನಲ್ಲಿ 14 ಟನ್ ಅಂತ ಉಂಟು. ಫ್ಲೈವೀಲ್ ಬಿಚ್ಚಿದರೆ ಅಗಲ 2 ಮೀಟರಿಗಿಂತ ಕಡಿಮೆ. ಅಂದರೆ ಅದು ಕಂಟೇನರಿನ ಒಳಗೇ ಹೋಗ್ತದೆ ಅಲ್ವಾ?

ಪಣಂಬೂರು_ಗೇಟ್

ಹೋಗ್ತದೆ. ಆದರೆ ಬಾಗಿಲಿನಿಂದ ತಳ್ಳುವುದು ಕಷ್ಟ. 20 ಅಡಿಯ ಓಪನ್‌ಟಾಪ್ ತೆಗೆದುಕೊಳ್ಳಿ. ಛಾವಣಿಯ ಬದಲು ಟರ್ಪಾಲು. ಕ್ರೇನಿನಲ್ಲಿ ಮೇಲಿನಿಂದ ಇಳಿಸಬಹುದು.

ಇಲ್ಲಿ ತೂಕ ಲೆಕ್ಕಕ್ಕೆ ಬರುತ್ತದೆ, ಆದರೆ ಒಟ್ಟು ತೂಕ ಅಲ್ಲ. 20 ಅಡಿಯ ಕಂಟೇನರಿನ ನೆಲಕ್ಕೆ ಒಂದು ಮೀಟರ್ ಉದ್ದಕ್ಕೆ ಸುಮಾರು 4.5 ಟನ್ ಅಂತ ನಮ್ಮ ಲೆಕ್ಕ. 14 ಟನ್ನಿಗೆ ಕಡಿಮೆ ಅಂದರೂ 3.1 ಮೀಟರ್ ಉದ್ದದಲ್ಲಿ ಭಾರ ಹಂಚಬೇಕು. ನಿಮ್ಮ ಕ್ರಷರಿನ ಬುಡ ಎಷ್ಟು ಉದ್ದ ಉಂಟು? ಎರಡು ಮೀಟರ್ ಇರಬಹುದು. ಹಾಗೇ ಇಟ್ಟರೆ ನೆಲ ಕುಸಿಯುತ್ತದೆ. ಅಡಿಯಲ್ಲಿ ಉದ್ದಕ್ಕೆ ಎರಡು ಐ-ಬೀಮೋ ದಪ್ಪ ಮರದ ತೊಲೆಯೋ ಹಾಕಿ, ಅದರ ಮೇಲೆ ಕೂರಿಸಿ. ಲೆಕ್ಕಕ್ಕಿಂತ ಒಂದು ಮೀಟರ್ ಉದ್ದವೇ ಇರಲಿ.

ಮರ ಅಂದರೆ ಮನೆ ಹಿತ್ತಲಿನ ಮಾವಿನ ಮರ ಕೊಯ್ಸಿ ತಂದು ಹಾಕಬೇಡಿ ಮತ್ತೆ. ಹೊರದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ಒಳಗಿನ ತಿರುಳಿಗೆ 56 ಡಿಗ್ರಿ ಬಿಸಿ 30 ನಿಮಿಷ ತಾಗುವ ಹಾಗೆ ಕಾಯಿಸಿ, ಗೋಧಿ ತೆನೆ ಚಿತ್ರದ ಮುದ್ರೆ ಒತ್ತಿರಬೇಕು. ಮುದ್ರೆ ಇಲ್ಲದ ಒಂದು ಅಡೆಗಟ್ಟೆಯಿಂದ ಇಡೀ ಮಾಲು ನಿಲ್ಲಬಹುದು.

ಪರ್ತ್‌ನಲ್ಲಿ_ಬಂಟ್ವಾಳದವಳು

ನಾನು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಣಿ ಮಿಷನುಗಳ ಬಾಡಿಗೆ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಜನ ಮಾತಾಡಿದಿರಿ, ತೊಳೆಯುವ ಬಗ್ಗೆ ಒಬ್ಬರೂ ಹೇಳಲಿಲ್ಲವಲ್ಲ!

ಇಲ್ಲಿಗೆ ಬರುವ ಹಳೆ ಮಿಷನಿನಲ್ಲಿ ಮಣ್ಣು, ಬೀಜ, ಎಲೆ, ಹುಳ ಯಾವುದೂ ಇರಬಾರದು. ಇನ್‌ಸ್ಪೆಕ್ಟರುಗಳು ಟಾರ್ಚ್ ಹಿಡಿದು ಚೈನಿನ ಒಳಗೆ ತಲೆ ಹಾಕಿ ನೋಡುತ್ತಾರೆ. ಮಣ್ಣು ಸಿಕ್ಕಿದರೆ ನಿಮ್ಮ ಖರ್ಚಿನಲ್ಲಿ ಮತ್ತೆ ತೊಳೆಸುತ್ತಾರೆ, ಇಲ್ಲವೇ ಬಂದ ದಾರಿಯಲ್ಲೇ ವಾಪಸ್. ಭಾರತದಿಂದ ಬಂದ ಒಂದು ಡ್ರಿಲ್ಲಿಂಗ್ ರಿಗ್ಗನ್ನು ನಾವು ಇಲ್ಲಿ ಎರಡು ಸಲ ತೊಳೆಸಿದ್ದೇವೆ. ಮೊದಲ ಸಲ ಹೊರಗೆಲ್ಲ ಪಳಪಳ ಹೊಳೆಯುತ್ತಿತ್ತು. ಸೀಟಿನ ಅಡಿಯಲ್ಲಿ ಹಿಡಿ ಮಣ್ಣು, ಜೊತೆಗೆ ಅಡಿಕೆ ಚೂರು.

ಜಾಂಬಿಯಾದಲ್ಲಿ ಇಷ್ಟು ಬಿಗಿ ಇರಲಿಕ್ಕಿಲ್ಲ. ಆದರೂ ತೊಳೆಯಿರಿ. ತೊಳೆದ ಮಿಷನಿನಲ್ಲಿ ಮಾತ್ರ ಎಲ್ಲಿ ಆಯಿಲ್ ಸೋರುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಕಾಣುತ್ತದೆ. ಮಿಷನ್ ಪರೀಕ್ಷಿಸುವ ಸರ್ವೇಯರ್ ಫೋಟೋ ತೆಗೆಯುವ ಮೊದಲು ನಿಮಗೇ ಗೊತ್ತಿರಲಿ.

ಜಲ್ಲಿಕಲ್ಲು_ಕಾರ್ಕಳ

ಅಕ್ಕಾ, ನಿಮ್ಮ ಮಾತು ಕೇಳಿ ಪ್ರೆಶರ್ ವಾಶರ್ ಬಾಡಿಗೆಗೆ ತಂದೆ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ದಿನ ಆಯಿತು.

ನಮ್ಮ ಕೆಂಪು ಮಣ್ಣು ಗೊತ್ತಲ್ಲ? ಒಂದೂವರೆ ವರ್ಷ ಒಣಗಿ ಇಟ್ಟಿಗೆಯ ಹಾಗೆ ಆಗಿತ್ತು. ನೀರು ಹೊಡೆದರೆ ಮೇಲಿನ ಪದರ ಮಾತ್ರ ಹೋಗುತ್ತದೆ. ಅಡಿಯ ಪ್ಲೇಟುಗಳನ್ನೆಲ್ಲ ಬಿಚ್ಚಿ, ಟ್ರ್ಯಾಕ್ ಫ್ರೇಮಿನ ಒಳಗೆ ಹಾರೆಯ ತುದಿ ಹಾಕಿ ಕುಟ್ಟಿ ಕುಟ್ಟಿ ತೆಗೆದದ್ದು. ಎರಡು ಬುಟ್ಟಿ ಮಣ್ಣು ಬಂತು. ಎಡಗಡೆಯ ರೋಲರ್ ಮೇಲಿನ ಸಂದಿಯಲ್ಲಿ ಒಂದು ಮುಟ್ಟಿದರೆ ಮುನಿ ಗಿಡ ಬೆಳೆದಿತ್ತು. ಹೂವೂ ಬಿಟ್ಟಿತ್ತು! ರೇಡಿಯೇಟರ್ ಫಿನ್ನಿನಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡು ಅರ್ಧ ಮುಚ್ಚಿಹೋಗಿತ್ತು. ಬಿಸಿ ಜಾಸ್ತಿ ಆಗ್ತದೆ ಅಂತ ಆಪರೇಟರ್ ಬೊಬ್ಬೆ ಹೊಡೆಯುತ್ತಿದ್ದದ್ದು ಸುಮ್ನೆ ಅಲ್ಲ ಅಂತ ಈಗ ಗೊತ್ತಾಯಿತು.

ಮತ್ತೆ ನೀವು ಹೇಳಿದ್ದು ಸರಿ. ಸ್ಟಿಕ್ಕಿನ (ಬೂಮಿನ ಮುಂದಿನ ತೋಳು) ಬುಡದಲ್ಲಿ ಒಂದು ಗೇಣು ಉದ್ದದ ಕೂದಲೆಳೆ ಬಿರುಕು ಕಂಡಿತು. ತಮ್ಮನಿಗೆ ಫೋಟೋ ಕಳಿಸಿದೆ. "ಅಲ್ಲೇ ವೆಲ್ಡ್ ಮಾಡಿಸಿ ಕಳಿಸು, ಇಲ್ಲಿ ಆ ಕೆಲಸಕ್ಕೆ ಕೊಡುವ ದುಡ್ಡಿಗೆ ಅಲ್ಲಿ ಬಕೆಟ್ಟೇ ಬರ್ತದೆ" ಎಂದ.

ಸುರತ್ಕಲ್_ಲೋಬೆಡ್

ಕಾರ್ಕಳದಿಂದ ಪಣಂಬೂರಿಗೆ ಯಾವ ದಾರಿ ಅಂತ ಯೋಚಿಸಿದ್ದೀರಾ? ಮೂಡುಬಿದಿರೆ, ಗುರುಪುರ ದಾರಿ ಮ್ಯಾಪಿನಲ್ಲಿ ಚಂದ ಕಾಣ್ತದೆ. ನಾನಾದರೆ ಬೆಳ್ಮಣ್ ಮೇಲೆ ಪಡುಬಿದ್ರಿಗೆ ಇಳಿದು ಹೈವೇ 66 ಹಿಡಿಯುತ್ತೇನೆ. ಮುಲ್ಕಿ, ಸುರತ್ಕಲ್, ಪಣಂಬೂರು. ಕೂಳೂರು ಸೇತುವೆಯ ತಲೆಬಿಸಿ ಇಲ್ಲ, ಅದು ಪಣಂಬೂರು ದಾಟಿ ಆಮೇಲೆ.

2.6 ಮೀಟರಿಗಿಂತ ಅಗಲ ಇದ್ದರೆ ಓಡಿಸಿ ಪರ್ಮಿಟ್ ಬೇಕು. ಓಡಿಸುವುದಕ್ಕಲ್ಲ ಮಾರಾಯ್ರೆ, ಒ-ಡಿ-ಸಿ. ಅಳತೆ ಮೀರಿದ ಸಾಮಾನು ಅಂತ. ಕೆಂಪು ಬಾವುಟ, ಅಗಲ ತೋರಿಸುವ ಲೈಟ್.

ಅಗಲಕ್ಕಿಂತ ನನಗೆ ಹೆದರಿಕೆ ಎತ್ತರದ್ದು. ಲೋಬೆಡ್ಡಿನ ಹಲಗೆ 90 ಸೆಂ.ಮೀ., ಮೇಲೆ ನಿಮ್ಮ 3.04. ಒಟ್ಟು 4 ಮೀಟರ್ ಹತ್ತಿರ ಆಯಿತು. ಹೈವೇಯಲ್ಲಿ ಏನೂ ಇಲ್ಲ. ಒಳರಸ್ತೆಯಲ್ಲಿ ಕರೆಂಟ್ ವಯರ್ ಜೋತು ಬಿದ್ದಿರ್ತದೆ. ಜಾತ್ರೆ, ನೇಮ, ಕಂಬಳದ ಸೀಸನ್ನಿನಲ್ಲಿ ರಸ್ತೆಗೆ ಅಡ್ಡ ಸ್ವಾಗತ ಕಮಾನು, ಬ್ಯಾನರ್. ಒಂದು ಸಲ ಕಮಾನಿನ ಅಡಿ ಬೂಮ್ ತಾಗಿ, ಕಮಿಟಿಯವರು ಬಂದು ನಿಂತು, ಕೊನೆಗೆ ಹಗ್ಗ ಬಿಚ್ಚಿ ಕಮಾನನ್ನೇ ಎತ್ತಿ ಹಿಡಿದು ನಮ್ಮನ್ನು ದಾಟಿಸಿದರು. ಒಳ್ಳೆಯ ಜನ. ಬೇರೆ ಊರಾದರೆ ಪೆಟ್ಟು ಬೀಳ್ತಿತ್ತು. ಹಿಂದಿನ ದಿನ ಬೈಕಿನಲ್ಲಿ ಒಮ್ಮೆ ದಾರಿ ನೋಡಿ ಬನ್ನಿ.

ಸುಮ್ನೆ_ಕೇಳ್ತೇನೆ

ಹಳೆ ಮಿಷನಿಗೆ ವಿಮೆ ಯಾಕೆ? ಸುಮ್ನೆ ಖರ್ಚು ಅಲ್ವಾ? ಹಡಗು ಮುಳುಗುವುದು ಎಷ್ಟು ಅಪರೂಪ.

ಪಣಂಬೂರು_ಗೇಟ್

ಮುಳುಗದಿದ್ದರೂ ದುಡ್ಡು ಹೋಗುತ್ತದೆ. 2021ರ ಮಾರ್ಚ್ 23ಕ್ಕೆ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಬಿತ್ತಲ್ಲ? 6 ದಿನಕ್ಕೆ ಬಿಡಿಸಿದರು. ಒಂದು ಕಂಟೇನರೂ ಸಮುದ್ರಕ್ಕೆ ಬೀಳಲಿಲ್ಲ. ಆದರೂ ಹಡಗಿನ ಮಾಲೀಕರು "ಜನರಲ್ ಆವರೇಜ್" ಘೋಷಿಸಿದರು. ಅಂದರೆ, ಹಡಗನ್ನೂ ಮಾಲನ್ನೂ ಒಟ್ಟಿಗೆ ಉಳಿಸಲು ಆದ ಖರ್ಚನ್ನು ಹಡಗಿನವರೂ ಮಾಲಿನವರೆಲ್ಲರೂ ತಮ್ಮ ತಮ್ಮ ಆಸ್ತಿಯ ಬೆಲೆಗೆ ತಕ್ಕ ಹಾಗೆ ಹಂಚಿಕೊಳ್ಳಬೇಕು. ಹಳೆಯ ಕಾಲದಿಂದ ಬಂದ ಸಮುದ್ರದ ಕಾನೂನು ಅದು. ವಿಮೆ ಇದ್ದವರಿಗೆ ವಿಮೆಯವರು ಗ್ಯಾರಂಟಿ ಪತ್ರ ಕೊಡುತ್ತಾರೆ. ಇಲ್ಲದವರು ನಗದು ಕಟ್ಟಿದ ಮೇಲೆಯೇ ಮಾಲು ಬಿಡಿಸಿಕೊಳ್ಳಬೇಕು. ನಿಮ್ಮ ಮಾಲಿಗೆ ಗೀರು ಬೀಳದಿದ್ದರೂ.

ಹಳೆ ಮಿಷನಿಗೆ ಪಾಲಿಸಿ ಕೊಡುವಾಗ ತುಕ್ಕು, ಗೀರು, ಡೆಂಟಿಗೆ ಇಲ್ಲ ಅಂತ ಬರೆದಿರುತ್ತಾರೆ. ಅದನ್ನು ಓದಿ. ಲೋಡ್ ಮಾಡುವ ಮೊದಲು ಸರ್ವೇ ಫೋಟೋ ಮಾಡಿಸಿ.

ಪೇಪರ್ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಕಸ್ಟಮ್ಸ್ ಬ್ರೋಕರ್ ಇರುವುದೇ ಅದಕ್ಕೆ. ಐಇಸಿ ನಂಬರ್ (ಆಮದು-ರಫ್ತಿನ ಗುರುತು ಸಂಖ್ಯೆ) ಬೇಕು, ಬ್ಯಾಂಕಿನ ಎಡಿ ಕೋಡ್ (ರಫ್ತಿನ ದುಡ್ಡು ಬರುವ ಬ್ಯಾಂಕಿನ ಗುರುತು) ಬಂದರಿನಲ್ಲಿ ನೋಂದಾಯಿಸಬೇಕು. ಜಿಎಸ್‌ಟಿಗೆ ಎಲ್‌ಯುಟಿ ಅಂತ ಮುಚ್ಚಳಿಕೆ ಪತ್ರ ಹಾಕಿದರೆ ತೆರಿಗೆ ಕಟ್ಟದೆ ಕಳಿಸಬಹುದು. ಎಕ್ಸ್‌ಕವೇಟರಿನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸಾಮಾನು ಗುರುತಿಸುವ ನಂಬರ್) 8429, ಕ್ರಷರಿನದ್ದು 8474. ಮಿಷನ್ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮೊದಲು. ಪ್ರತಿ ಕಂಟೇನರಿಗೂ ಅಳೆದ ಒಟ್ಟು ತೂಕದ ವಿಜಿಎಂ ಪತ್ರ, 2016ರ ಜುಲೈ 1ರಿಂದ ಅದು ಇಲ್ಲದೆ ಹಡಗಿಗೆ ಹತ್ತಿಸುವುದಿಲ್ಲ. ತಮ್ಮನ ದುಡ್ಡು ಬ್ಯಾಂಕ್ ಮೂಲಕವೇ ಬರಲಿ. "ನಮ್ಮದೇ ಹುಡುಗ, ಊರಿಗೆ ಬಂದಾಗ ಕೊಡ್ತಾನೆ" ಅನ್ನುವುದು ಎಕ್ಸ್‌ಪೋರ್ಟಿನಲ್ಲಿ ನಡೆಯುವುದಿಲ್ಲ.

ನಿವೃತ್ತ_ಕೆಜಿಎಫ್

ಕಟ್ಟುವ ಬಗ್ಗೆ ಒಂದು ಮಾತು. ಹಡಗು ಹೊರಳುವಾಗ ಅಡ್ಡಕ್ಕೆ ಬೀಳುವ ಬಲ ಮಿಷನಿನ ತೂಕದ 0.8 ಪಾಲಿನವರೆಗೆ ಹೋಗಬಹುದು ಅಂತ ಲೆಕ್ಕ ಹಿಡಿಯುತ್ತಾರೆ. 20 ಟನ್ನಿಗೆ 16 ಟನ್ ಬದಿಗೆ ಎಳೆದ ಹಾಗೆ. ನೈಲಾನ್ ಹಗ್ಗದ ಕೆಲಸ ಅಲ್ಲ ಅದು. ನಾಲ್ಕು ಮೂಲೆಗೆ ಚೈನ್, ಅದನ್ನು ಬಿಗಿ ಮಾಡುವ ಟರ್ನ್‌ಬಕಲ್. ಬೂಮಿಗೆ ಬೇರೆ, ಬಕೆಟ್ಟಿಗೆ ಬೇರೆ. ಬಕೆಟ್ ಮರದ ಮೇಲೆ ಊರಿರಬೇಕು. ಮೇಲಿನ ಭಾಗ ತಿರುಗದ ಹಾಗೆ ಸ್ವಿಂಗ್ ಲಾಕ್ ಹಾಕಿ. ಚೈನು ಹೈಡ್ರಾಲಿಕ್ ಹೋಸಿಗಾಗಲಿ ಸಿಲಿಂಡರ್ ರಾಡಿಗಾಗಲಿ ತಾಗಬಾರದು.

ಆ ರಾಡಿನ ವಿಷಯ ಜನ ಮರೆಯುತ್ತಾರೆ. ಹೊಳೆಯುವ ಕ್ರೋಮ್ ಭಾಗಕ್ಕೆ ಉಪ್ಪು ಗಾಳಿ ತಾಗಿದರೆ ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ಆಮೇಲೆ ಸೀಲ್ ಹರಿದು ಆಯಿಲ್ ಸೋರುತ್ತದೆ. ದಪ್ಪ ಗ್ರೀಸ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ.

ಬ್ರೇಕರಿನ ತಲೆಯಲ್ಲಿ ನೈಟ್ರೋಜನ್ ಗ್ಯಾಸ್ ಇರುತ್ತದೆ. ಅದನ್ನು ಬಿಟ್ಟು ಕಳಿಸಿ, ಅಲ್ಲಿ ತುಂಬಿಸಿಕೊಳ್ಳಲಿ. ಟ್ಯಾಂಕಿನಲ್ಲಿ ಡೀಸೆಲ್ ತಳದಲ್ಲಿ ಮಾತ್ರ. ಬ್ಯಾಟರಿ ವಯರ್ ಬಿಚ್ಚಿ ತುದಿಗೆ ಟೇಪ್ ಸುತ್ತಿ.

ಕಿಟ್ವೆಯಲ್ಲೊಬ್ಬ

ಕಿಟ್ವೆ ಇರುವ ಕಾಪರ್‌ಬೆಲ್ಟ್ ಪ್ರಾಂತ್ಯದಲ್ಲಿ 11 ವರ್ಷದಿಂದ ಇದ್ದೇನೆ, ಊರು ಶಿರ್ವ. ನಿಮ್ಮ ತಮ್ಮ ಯಾರು ಅಂತ ಅಂದಾಜಾಯಿತು, ಇಲ್ಲಿ ನಾವಿರುವುದೇ ಕೆಲವೇ ಮನೆ!

ಎಲ್ಲರೂ ಸಮುದ್ರದ ಬಗ್ಗೆ ಹೇಳಿದಿರಿ. ಜಾಂಬಿಯಾಕ್ಕೆ ಸಮುದ್ರವೇ ಇಲ್ಲ. ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನಲ್ಲಿ ಇಳಿದ ಮೇಲೆ ಇಡೀ ಆ ದೇಶ ದಾಟಿ, ತುಂಡುಮಾ-ನಾಕೊಂಡೆ ಗಡಿಯಲ್ಲಿ ಲಾರಿಗಳ ಸಾಲಿನಲ್ಲಿ ನಿಂತು, ಆಮೇಲೆ ಇಲ್ಲಿಗೆ. ತಜಾರಾ ರೈಲು ಉಂಟು, 1970ರ ದಶಕದಲ್ಲಿ ಚೀನಾದವರು ಕಟ್ಟಿದ್ದು. ದಾರ್‌ನಿಂದ ಜಾಂಬಿಯಾದ ಕಪಿರಿ ಎಂಪೋಶಿವರೆಗೆ 1,860 ಕಿ.ಮೀ. ಆದರೆ ಒಂದೆರಡು ಮಿಷನಿಗೆ ಜನ ಲಾರಿಯನ್ನೇ ಹಿಡಿಯುತ್ತಾರೆ.

ಇಲ್ಲಿ ಎರಡು ಕಡೆ ದುಡ್ಡು ಸೋರುತ್ತದೆ. ಒಂದು, ಫ್ಲಾಟ್‌ರ‍್ಯಾಕ್ ಹಡಗಿನವರದ್ದು. ಅದನ್ನು ವಾಪಸ್ ಕೊಡುವವರೆಗೆ ದಿನದ ಬಾಡಿಗೆ ಓಡುತ್ತದೆ. ಒಳನಾಡಿಗೆ ಒಯ್ಯುವುದಕ್ಕೆ ದೊಡ್ಡ ಡೆಪಾಸಿಟ್ ಕೇಳುತ್ತಾರೆ. ಆದ್ದರಿಂದ ಮಿಷನನ್ನು ದಾರ್‌ನಲ್ಲೇ ಇಳಿಸಿ ಲೋಬೆಡ್ಡಿಗೆ ಹತ್ತಿಸಿ, ರ‍್ಯಾಕ್ ಅಲ್ಲೇ ಒಪ್ಪಿಸಿ. ಎರಡು, ಪೇಪರಿನಲ್ಲಿ "ಜಾಂಬಿಯಾಕ್ಕೆ ಸಾಗಣೆ" ಅಂತ ಸ್ಪಷ್ಟ ಇರಬೇಕು. ಇಲ್ಲದಿದ್ದರೆ ತಾಂಜಾನಿಯಾದವರು ತಮ್ಮ ದೇಶಕ್ಕೇ ಬಂದ ಮಾಲು ಅಂತ ನೋಡುತ್ತಾರೆ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಬಂದರಿನಲ್ಲಿ ಬಾಡಿಗೆ ಇಲ್ಲದೆ ಇಡಬಹುದಾದ ಫ್ರೀ ದಿನಗಳೆಲ್ಲ ಖಾಲಿ.

ಮಳೆಯ ಲೆಕ್ಕವೂ ಹಿಡಿಯಿರಿ. ನಮ್ಮಲ್ಲಿ ಮಳೆ ನವೆಂಬರಿನಿಂದ. ಊರಲ್ಲಿ ಮಳೆ ಬಿಟ್ಟ ಮೇಲೆ ಕಳಿಸುವ ಅಂತ ಕಾದರೆ, ಇಲ್ಲಿ ಕೆಸರಿಗೆ ಬಂದು ಇಳಿಯುತ್ತದೆ.

ಜಲ್ಲಿಕಲ್ಲು_ಕಾರ್ಕಳ

ಎಲ್ಲರ ಮಾತು ಓದಿ ತಮ್ಮನ ಜೊತೆ ಎರಡು ರಾತ್ರಿ ಕೂತು ಲೆಕ್ಕ ಹಾಕಿದೆವು. ಮುಂಬೈ ರೋರೋ ಚೆನ್ನಾಗಿತ್ತು, ಆದರೆ ಅಲ್ಲಿವರೆಗಿನ ಲೋಬೆಡ್ ಬಾಡಿಗೆ, ಮತ್ತೆ ಎರಡು ಕಡೆ ಎರಡು ಏಜೆಂಟ್. ಬೇಡ ಅನ್ನಿಸಿತು. ಪಣಂಬೂರಿನಿಂದಲೇ ಒಂದು ಫ್ಲಾಟ್‌ರ‍್ಯಾಕ್, ಒಂದು 20 ಅಡಿ ಓಪನ್‌ಟಾಪ್, ಚಿಲ್ಲರೆಗೆ ಒಂದು 20 ಅಡಿ ಮಾಮೂಲು. ಒಟ್ಟು ಮೂರು. ಮೊದಲಿನ ಫಾರ್ವರ್ಡರ್‌ಗೆ ಅಳತೆ ಕಳಿಸಿ "ಈಗ ರೇಟ್ ಹೇಳಿ" ಎಂದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಏಪ್ರಿಲ್ ಕೊನೆಗೆ ಹತ್ತಿಸುವುದು. ಇಲ್ಲಿ ಮಳೆ ಹಿಡಿಯುವ ಮೊದಲು.

ಪಣಂಬೂರು_ಗೇಟ್

ಒಳ್ಳೆಯದಾಯಿತು. ಬುಕಿಂಗ್‌ಗೆ ಕೊಡುವ ಅಳತೆ ಗಾರ್ಡ್ ಬಿಚ್ಚಿದ ಮೇಲಿನದ್ದೇ ಅಲ್ವಾ? ಇನ್ನೊಮ್ಮೆ ಅಳೆಯಿರಿ.

ಜಲ್ಲಿಕಲ್ಲು_ಕಾರ್ಕಳ

ಅಳೆದೆ. 3.04. ಆಪರೇಟರ್ ಟೇಪ್ ಹಿಡಿದು, "ಧಣಿ, ಎಷ್ಟು ಸಲ ಅಳೆದರೂ ಅದು ಬೆಳೆಯುವುದಿಲ್ಲ" ಅಂದ.

ಜಲ್ಲಿಕಲ್ಲು_ಕಾರ್ಕಳ

ಏಪ್ರಿಲ್ ಅಪ್‌ಡೇಟ್. ಲೋಬೆಡ್ ಇವತ್ತು ಬೆಳಿಗ್ಗೆ 4 ಗಂಟೆಗೆ ಹೊರಟಿತು. ಬೆಳ್ಮಣ್ ದಾರಿಯೇ. ಒಂದು ಕಡೆ ಬ್ಯಾನರ್ ಎತ್ತಿ ಹಿಡಿಯಬೇಕಾಯಿತು, ಬಿಟ್ಟರೆ ಏನೂ ತೊಂದರೆ ಆಗಲಿಲ್ಲ.

ಒಂದು ಎಡವಟ್ಟು ಮಾತ್ರ. ನಿನ್ನೆ ಸಂಜೆ ಕೊನೆಯ ಸಲ ತೊಳೆದು, ಒಣಗಿಸಿ, ಫೋಟೋ ಎಲ್ಲ ತೆಗೆಸಿ ಮನೆಗೆ ಹೋಗಿದ್ದೆ. ರಾತ್ರಿ ಬಂದು ನೋಡಿದರೆ ಆಪರೇಟರ್ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಬಂದಿದ್ದಾನೆ. 9 ವರ್ಷ ಅದೇ ಮಿಷನಿನಲ್ಲಿ ಕೂತವ. ಬೂಮಿಗೆ ಮಲ್ಲಿಗೆ ಮಾಲೆ, ಬಕೆಟ್ಟಿಗೆ ಹಿಂಗಾರ, ಚೈನಿನ ಅಡಿ ಎರಡೂ ಕಡೆ ಲಿಂಬೆಹಣ್ಣು, ಕ್ಯಾಬಿನ ಒಳಗೆ ತೆಂಗಿನಕಾಯಿ. ಮೂರು ದಿನ ಬೀಜ, ಎಲೆ ಹೆಕ್ಕಿ ತೆಗೆದದ್ದೇ ಅವನು. ಏನು ಹೇಳುವುದು ಅವನಿಗೆ?

ಪರ್ತ್‌ನಲ್ಲಿ_ಬಂಟ್ವಾಳದವಳು

ಅಯ್ಯೋ ದೇವರೇ. ಹಿಂಗಾರ ಅಂದರೆ ಪುಡಿ ಎಲ್ಲ ಕಡೆ ಉದುರಿರುತ್ತದೆ!

ಜಲ್ಲಿಕಲ್ಲು_ಕಾರ್ಕಳ

ಹೌದು ಅಕ್ಕಾ. ಪೂಜೆ ಮುಗಿಯುವವರೆಗೆ ನಾನೂ ಕೈ ಮುಗಿದು ನಿಂತೆ. ಆಮೇಲೆ ಅವನೇ ಮಾಲೆ ತೆಗೆದು ಮಗಳ ಕೈಯಲ್ಲಿ ಕೊಟ್ಟ, ಕಾಯಿ ಒಡೆದು ಎಲ್ಲರಿಗೂ ಹಂಚಿದ. ರಾತ್ರಿ 11 ಗಂಟೆಗೆ ಪುನಃ ವಾಶರ್ ಹಿಡಿದು ಬಕೆಟ್ ತೊಳೆದೆವು. ಬೂಮಿನ ಮೇಲೆ ಕುಂಕುಮದ ಬೊಟ್ಟು ಮಾತ್ರ ಬಿಟ್ಟಿದ್ದೇನೆ. ಅದು ಮಣ್ಣೂ ಅಲ್ಲ, ಬೀಜವೂ ಅಲ್ಲ. ಆಗ್ತದಲ್ವಾ?

ಪರ್ತ್‌ನಲ್ಲಿ_ಬಂಟ್ವಾಳದವಳು

ಆಗ್ತದೆ ಮಾರಾಯ್ರೆ. ಹೋಗ್ಲಿ.

ಕಿಟ್ವೆಯಲ್ಲೊಬ್ಬ

ಇಲ್ಲಿ ಬಂದ ಮೇಲೆ ನಾವು ನೋಡಿಕೊಳ್ಳುತ್ತೇವೆ. ಲಿಂಬೆಹಣ್ಣು ಇಲ್ಲೂ ಸಿಗ್ತದೆ.